ಮಗನೋ, ಆಳೋ: ಅಮೆರಿಕದ ‘ಅನಾಥರ ರೈಲು’ಗಳು

ಮಾನ್ಯರೇ,

1854ರ ಸೆಪ್ಟೆಂಬರ್ ಕೊನೆಯಲ್ಲಿ ನ್ಯೂಯಾರ್ಕ್ ನಗರದಿಂದ ಸುಮಾರು 45 ಮಕ್ಕಳ ತಂಡವೊಂದು ಹಡಗು, ರೈಲುಗಳನ್ನು ಬದಲಿಸುತ್ತ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಎಂಬ ಪುಟ್ಟ ಊರನ್ನು ತಲುಪಿತು. ಭಾನುವಾರದ ಪ್ರಾರ್ಥನೆಗೆ ನೆರೆದಿದ್ದ ರೈತರ ಮುಂದೆ ಅವರನ್ನು ಕೂರಿಸಿ, ಮಕ್ಕಳನ್ನು ಕಳಿಸಿದ ಸಂಸ್ಥೆಯ ಪರವಾಗಿ ಜೊತೆಗೆ ಬಂದಿದ್ದ ಪ್ರತಿನಿಧಿಯು ಈ ಮಕ್ಕಳಿಗೆ ಮನೆ ಕೊಡಿ ಎಂದು ಕೇಳಿಕೊಂಡನು. ಒಂದು ವಾರ ಕಳೆಯುವಷ್ಟರಲ್ಲಿ ಹೆಚ್ಚಿನವರು ಒಂದೊಂದು ಮನೆ ಸೇರಿದ್ದರು. ಹೀಗೆ ಆರಂಭವಾದ ‘ಅನಾಥರ ರೈಲು’ಗಳ ಏರ್ಪಾಡು 1929ರವರೆಗೆ ನಡೆದು, ಎರಡು ಲಕ್ಷದಷ್ಟು ಮಕ್ಕಳನ್ನು ಪೂರ್ವದ ನಗರಗಳಿಂದ ಹಳ್ಳಿಗಾಡಿಗೆ ಸಾಗಿಸಿತೆಂದು ಅಂದಾಜಿಸಲಾಗಿದೆ.

ಇದರ ರೂವಾರಿ ಚಾರ್ಲ್ಸ್ ಲೋರಿಂಗ್ ಬ್ರೇಸ್. ಧರ್ಮಶಾಸ್ತ್ರ ಓದಿದ್ದ ಈ ತರುಣ 1853ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಸ್ಥಾಪಿಸಿದಾಗ, ಐರ್ಲೆಂಡ್ ಮತ್ತು ಜರ್ಮನಿಗಳಿಂದ ಬಂದಿಳಿದ ವಲಸಿಗರ ಮಕ್ಕಳು ನ್ಯೂಯಾರ್ಕಿನ ಬೀದಿಗಳಲ್ಲಿ ಪತ್ರಿಕೆ ಮಾರುತ್ತ, ಚಿಂದಿ ಆಯುತ್ತ, ಕಟ್ಟೆಗಳ ಮೇಲೆ ಮಲಗುತ್ತ ಬದುಕುತ್ತಿದ್ದರು. ಅನಾಥಾಲಯದ ಸಾಲುಮಂಚಕ್ಕಿಂತ ಒಂದು ಸಂಸಾರದ ಅಡುಗೆಮನೆಯೇ ಮಗುವಿಗೆ ಮೇಲು ಎಂಬ ಅವನ ನಂಬಿಕೆಯಲ್ಲಿ ನಿಜವಾದ ಕರುಣೆಯಿತ್ತು. ಅದರ ಮಗ್ಗುಲಲ್ಲೇ ಭಯವೂ ಇತ್ತು. 1872ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದ ಹೆಸರಿನಲ್ಲಿಯೇ ಅವನು ಈ ಬಡವರನ್ನು ‘ಅಪಾಯಕಾರಿ ವರ್ಗ’ ಎಂದು ಕರೆದಿದ್ದಾನೆ.

ಪಶ್ಚಿಮದ ಹೊಲಗಳಲ್ಲಿ ದುಡಿಯುವ ಕೈಗಳ ಕೊರತೆಯಿತ್ತು. ಈ ಮಕ್ಕಳು ಹಳೆಯ ಕಾಲದ ಕರಾರಿನ ಆಳುಗಳಲ್ಲ, ಬೇಡವೆನಿಸಿದರೆ ಮನೆ ಬಿಡಬಹುದು, ಸಂಸ್ಥೆಯೂ ಅವರನ್ನು ವಾಪಸು ಪಡೆಯಬಹುದು ಎಂಬುದು ಬ್ರೇಸ್‌ನ ಹೆಮ್ಮೆಯಾಗಿತ್ತು. ಆದರೆ ಕರಾರು ಇಲ್ಲದಿದ್ದುದರಿಂದ, ಬಂದವನು ಮನೆಯ ಮಗನೋ ಕೂಲಿಯಿಲ್ಲದ ಆಳೋ ಎಂಬುದನ್ನು ಯಾವ ಕಾಗದವೂ ಇತ್ಯರ್ಥಪಡಿಸಲಿಲ್ಲ. ಅದು ಆ ಮನೆಯ ಯಜಮಾನನ ಮರ್ಜಿಗೆ ಬಿಟ್ಟದ್ದಾಗಿತ್ತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಒಳಿತು ಕೆಡುಕುಗಳೆರಡೂ ಈ ಒಂದು ಅಸ್ಪಷ್ಟತೆಯಿಂದಲೇ ಹುಟ್ಟಿದವು.

ಆಯ್ಕೆಯ ರೀತಿಯನ್ನೇ ನೋಡಿ. ರೈಲು ಬರುವ ದಿನವನ್ನು ಮೊದಲೇ ಸಾರಿರುತ್ತಿದ್ದರು. ಚರ್ಚಿನಲ್ಲೋ ನಾಟಕಶಾಲೆಯ ವೇದಿಕೆಯ ಮೇಲೋ ಮಕ್ಕಳನ್ನು ತೊಳೆದು, ತಲೆ ಬಾಚಿ, ಸಾಲಾಗಿ ನಿಲ್ಲಿಸುತ್ತಿದ್ದರು. ಕೆಲವು ರೈತರು ಹುಡುಗರ ತೋಳು ಹಿಚುಕಿ, ಹಲ್ಲು ನೋಡಿ ಆರಿಸಿದ್ದನ್ನು ಆ ಮಕ್ಕಳೇ ಮುಪ್ಪಿನಲ್ಲಿ ನೆನೆದಿದ್ದಾರೆ. ಅಣ್ಣ ಒಂದು ಊರಿನಲ್ಲಿ ಇಳಿದರೆ ತಂಗಿ ಮುಂದಿನ ನಿಲ್ದಾಣಕ್ಕೆ ಹೋಗುವುದು ಸಾಮಾನ್ಯವಾಗಿತ್ತು. ಇವರಲ್ಲಿ ಬಹಳ ಮಂದಿಗೆ ತಾಯಿಯೋ ತಂದೆಯೋ ಬದುಕಿದ್ದರೆಂಬುದನ್ನೂ ಮರೆಯಬಾರದು. ಇನ್ನೊಂದು ಕಡೆ, 1859ರಲ್ಲಿ ಇಂಡಿಯಾನಾಕ್ಕೆ ಹೋದ ಆಂಡ್ರ್ಯೂ ಬರ್ಕ್ ಮತ್ತು ಜಾನ್ ಬ್ರೇಡಿ ಎಂಬ ಇಬ್ಬರು ಹುಡುಗರು ಬೆಳೆದು ಕ್ರಮವಾಗಿ ಉತ್ತರ ಡಕೋಟಾ ಮತ್ತು ಅಲಾಸ್ಕಾಗಳ ಗವರ್ನರುಗಳಾದರು. ಸಂಸ್ಥೆ ಈ ಇಬ್ಬರ ಹೆಸರನ್ನು ಮತ್ತೆ ಮತ್ತೆ ಹೇಳಿಕೊಂಡಿತು, ಸಹಜವೇ.

ಮಕ್ಕಳನ್ನು ಪ್ರಾಟೆಸ್ಟಂಟರನ್ನಾಗಿ ಮಾಡಲಾಗುತ್ತಿದೆ ಎಂದು ಕ್ಯಾಥೊಲಿಕರು ಮೊದಲಿನಿಂದಲೂ ದೂರುತ್ತಿದ್ದರು. 1869ರಲ್ಲಿ ಆರಂಭವಾದ ಕ್ಯಾಥೊಲಿಕ್ ಸನ್ಯಾಸಿನಿಯರ ನ್ಯೂಯಾರ್ಕ್ ಫೌಂಡ್ಲಿಂಗ್ ಆಸ್ಪತ್ರೆಯು (ಹೆತ್ತವರು ಬಿಟ್ಟುಹೋದ ಶಿಶುಗಳನ್ನು ಸಾಕುವ ಆಶ್ರಯ) ಸ್ಥಳೀಯ ಪಾದ್ರಿಗಳ ಮೂಲಕ ಮನೆಗಳನ್ನು ಮೊದಲೇ ಗೊತ್ತುಮಾಡಿ ಮಕ್ಕಳನ್ನು ಕಳಿಸಿತು. ಈ ಎಚ್ಚರಿಕೆಯೂ ಸಾಲದಾಯಿತು. 1904ರಲ್ಲಿ ಅರಿಜೋನಾದ ಕ್ಲಿಫ್ಟನ್ ಮತ್ತು ಮೊರೆನ್ಸಿ ಎಂಬ ಗಣಿ ಊರುಗಳಿಗೆ 40 ಐರಿಶ್ ಮೂಲದ ಮಕ್ಕಳನ್ನು ತಂದು, ಅವರ ಧರ್ಮದವರೇ ಆದ ಮೆಕ್ಸಿಕನ್ ಕುಟುಂಬಗಳಿಗೆ ಒಪ್ಪಿಸತೊಡಗಿದಾಗ, ಬಿಳಿಯ ಗಂಡಸರು ಬಂದೂಕು ಹಿಡಿದು ರಾತ್ರಿಯಲ್ಲಿ ಆ ಮನೆಗಳಿಂದ ಮಕ್ಕಳನ್ನು ಕಸಿದುಕೊಂಡರು. ಅರಿಜೋನಾದ ನ್ಯಾಯಾಲಯ ಕಸಿದವರ ಪರ ನಿಂತಿತು. 1906ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಸ್ಪತ್ರೆಯ ಮೇಲ್ಮನವಿಯನ್ನು ವಜಾ ಮಾಡಿತು.

ದುಡಿಯಲಾರದ ತಾಯಿಗೆ ನೇರವಾಗಿ ಹಣ ಕೊಟ್ಟರೆ ಅವಳು ಪರಾವಲಂಬಿಯಾದಾಳು ಎಂದು ಬ್ರೇಸ್ ಮತ್ತು ಅವನ ಕಾಲದ ದಾನಿಗಳು ಹೆದರಿದ್ದರು. ಮಗುವಿನ ರೈಲು ಟಿಕೆಟ್ಟಿಗೆ ಹಣ ಹೊಂದಿಸುವಾಗ ಆ ಹೆದರಿಕೆ ಅವರನ್ನು ಕಾಡಲಿಲ್ಲ. ಈ ಲೆಕ್ಕ ತಿರುಗಿದ್ದು 1909ರಲ್ಲಿ, ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಶ್ವೇತಭವನದಲ್ಲಿ ಕರೆದ ಸಮ್ಮೇಳನವು ಬಡತನವೊಂದನ್ನೇ ಕಾರಣವಾಗಿಟ್ಟು ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆಂದು ನಿರ್ಣಯಿಸಿದಾಗ. 1911ರಲ್ಲಿ ಇಲಿನಾಯ್ ರಾಜ್ಯವು ಬಡ ತಾಯಂದಿರಿಗೆ ಮಾಸಿಕ ನೆರವು ಕೊಡುವ ಕಾನೂನು ಮಾಡಿತು, ಮತ್ತು 1920ರ ಹೊತ್ತಿಗೆ ಸುಮಾರು 40 ರಾಜ್ಯಗಳು ಅದೇ ದಾರಿ ಹಿಡಿದಿದ್ದವು.