ಗೀ ಓಡಿಸುವ ಮುಂಚೆ ಟೇಬಲ್ ನೋಡಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಪಿಯಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಯೀ 2 ನಿಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಆಗಲೇ ಓಡುತ್ತಿದೆ, ಹಾಗಾಗಿ ಪೀಠಿಕೆ ಬೇಡ. ಅದರಲ್ಲಿ ಕೋಡ್ ಬರೆದುಕೊಡುವ ಗೀ ಅನ್ನುವ ಸಾಧನದ ಬಗ್ಗೆ ನೇರವಾಗಿ ಮಾತಾಡೋಣ.

ಹಾಕಿಕೊಳ್ಳುವುದು ಸುಲಭ. ಯೀಯ ಸಿದ್ಧ ಪ್ರಾಜೆಕ್ಟ್ ಆದ ಬೇಸಿಕ್ ಟೆಂಪ್ಲೇಟ್ ಇಳಿಸಿಕೊಂಡಿದ್ದರೆ ಗೀ ಜೊತೆಗೇ ಬಂದಿರುತ್ತದೆ. ಇಲ್ಲದಿದ್ದರೆ ಪಿಎಚ್‌ಪಿ ಪ್ಯಾಕೇಜ್ ಇಳಿಸಿಕೊಡುವ ಕಂಪೋಸರ್‌ನಿಂದ ತರಿಸಿ, ಕಾನ್ಫಿಗ್ ಫೈಲಿನಲ್ಲಿ ಮಾಡ್ಯೂಲ್ ಆಗಿ ಸೇರಿಸಿ. ಬ್ರೌಸರಿನಲ್ಲಿ ತೆರೆದು ಡೇಟಾಬೇಸಿನ ಟೇಬಲ್ ಹೆಸರು ಕೊಟ್ಟರೆ ಮಾಡೆಲ್, ಅಂದರೆ ಆ ಟೇಬಲ್ ಜೊತೆ ವ್ಯವಹರಿಸುವ ಕೋಡ್, ಬಂತು. ಮಾಡೆಲ್ ಕೊಟ್ಟರೆ ಸೇರಿಸುವ, ತಿದ್ದುವ, ಅಳಿಸುವ ಪುಟಗಳೆಲ್ಲ ಬಂದವು.

ನಾನು ಎಲ್ಲಿ ಹೋದರೂ ಹೇಳುವ ಮಾತು ಒಂದೇ. ಟೇಬಲ್ ಸರಿ ಮಾಡದೆ ಗೀ ಮುಟ್ಟಬೇಡಿ. ಅದಕ್ಕೆ ಗೊತ್ತಿರುವುದು ಟೇಬಲ್ ಅಷ್ಟೇ. ಕಾಲಮ್ಮು ನಾಟ್ ನಲ್ (ಖಾಲಿ ಬಿಡುವಂತಿಲ್ಲ) ಆಗಿದ್ದರೆ ಕಡ್ಡಾಯ ಅಂತ ರೂಲ್ ಬರೆಯುತ್ತದೆ. ವಾರ್‌ಚಾರ್ (ಅಕ್ಷರ ತುಂಬುವ ಕಾಲಮ್ಮು) 100 ಇದ್ದರೆ 100 ಅಕ್ಷರಕ್ಕೆ ಮಿತಿ ಹಾಕುತ್ತದೆ.

ಒಂದು ಲೈಬ್ರರಿ ಪ್ರಾಜೆಕ್ಟ್ ನೋಡಿ ಅಂತ ಹುಡುಗರು ಬಂದಿದ್ದರು. ಸದಸ್ಯರ ಪಟ್ಟಿ ತೆರೆದರೆ ಎಲ್ಲರದೂ ಒಂದೇ ಮೊಬೈಲ್ ನಂಬರ್, 2147483647! "ಸರ್, ಗೀ ತಪ್ಪು ಕೋಡ್ ಕೊಟ್ಟಿದೆ" ಅಂದರು. ಫಾರ್ಮನ್ನು ಮತ್ತೆ ಜನರೇಟ್ ಮಾಡಿದ್ದರಂತೆ. ಬ್ರೌಸರ್ ಬದಲಿಸಿ ನೋಡಿದ್ದರಂತೆ. ಒಬ್ಬ ಆ ನಂಬರಿಗೆ ಫೋನೂ ಮಾಡಿದ್ದನಂತೆ! ಟೇಬಲ್ ತೆಗೆಸಿ ನೋಡಿದೆ. ಮೊಬೈಲ್ ಕಾಲಮ್ಮು ಇಂಟ್, ಅಂದರೆ ಪೂರ್ಣಾಂಕ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಇಂಟ್ 2147483647ಕ್ಕೆ ಮುಗಿಯುತ್ತದೆ, 9ರಿಂದ ಶುರುವಾಗುವ ಹತ್ತಂಕಿ ನಂಬರ್ ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸದ ಮೌಲ್ಯವನ್ನು ಒಪ್ಪದ ಸ್ಟ್ರಿಕ್ಟ್ ಮೋಡ್ ಇದ್ದಿದ್ದರೆ ಎರರ್ ಬರುತ್ತಿತ್ತು. ಆಫ್ ಆಗಿದ್ದರಿಂದ ಸುಮ್ನೆ ಕೊನೆಯ ಸಂಖ್ಯೆಯನ್ನೇ ತುಂಬಿಟ್ಟಿತ್ತು. ಗೀ ಪಾಪ, ಇಂಟ್ ನೋಡಿ ಇಂಟಿಜರ್ ಅಂತ ರೂಲ್ ಬರೆದಿತ್ತು. ಅದರ ತಪ್ಪೇನಿದೆ ಹೇಳಿ? ಕಾಲಮ್ಮನ್ನು ವಾರ್‌ಚಾರ್ ಮಾಡಿ, ಮಾಡೆಲ್ ಮತ್ತೆ ಜನರೇಟ್ ಮಾಡಿದ ಮೇಲೆ ಸರಿಹೋಯ್ತು. ಹಳೆಯ ನಂಬರುಗಳು ಮಾತ್ರ ಹೋಗಿದ್ದವು, ಒಬ್ಬೊಬ್ಬರನ್ನೂ ಕೇಳಿ ತುಂಬಬೇಕಾಯ್ತು.

ಅದೇ ಪ್ರಾಜೆಕ್ಟಿನಲ್ಲಿ ಯಾವ ಪುಸ್ತಕ ಯಾರ ಹತ್ತಿರ ಇದೆ ಅನ್ನುವ ರಿಲೇಷನ್ ಕೂಡ ಬಂದಿರಲಿಲ್ಲ. ಟೇಬಲ್ ಮೈಐಸ್ಯಾಮ್ ಅನ್ನುವ ಬಗೆಯದು, ಅದರಲ್ಲಿ ಒಂದು ಟೇಬಲನ್ನು ಇನ್ನೊಂದಕ್ಕೆ ಕಟ್ಟುವ ಫಾರಿನ್ ಕೀ ನಿಲ್ಲುವುದೇ ಇಲ್ಲ. ಇನ್ನೋಡಿಬಿ ಬಗೆಗೆ ಬದಲಿಸಿ ಕೀ ಹಾಕಿದರೆ ಗೀ ತಾನೇ ಬರೆದುಕೊಡುತ್ತದೆ. ಮತ್ತೆ ಟೇಬಲ್ಲಿಗೇ ಬಂದೆವು, ಅಲ್ವಾ?

ಟೈಮ್ ಆಯಿತು ಅಂತ ಚೀಟಿ ಬಂದಿದೆ. ಬೇಗ ಹೇಳುತ್ತೇನೆ. ಮಾಡೆಲ್‌ನಲ್ಲಿ ನೀವು ಕೈಯಾರೆ ಬರೆದದ್ದು ಇದ್ದರೆ ಓವರ್‌ರೈಟ್ ಒತ್ತುವ ಮುಂಚೆ ಪ್ರಿವ್ಯೂನಲ್ಲಿ ಡಿಫ್, ಅಂದರೆ ಹಳೆಯ ಮತ್ತು ಹೊಸ ಕೋಡಿನ ವ್ಯತ್ಯಾಸ, ನೋಡಿ.

ಇನ್ನೊಂದು ಭದ್ರತೆಯ ವಿಷಯ. ಗೀ ಮೊದಲಿಗೆ ನಿಮ್ಮ ಮೆಷಿನ್‌ಗೆ, ಅಂದರೆ 127.0.0.1ಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ಪ್ರೋಗ್ರಾಮನ್ನು ಪ್ರತ್ಯೇಕ ಕಂಟೇನರಿನಲ್ಲಿ ಇಡುವ ಡಾಕರ್‌ನಲ್ಲಿ ಓಡಿಸಿದರೆ ನಿಮ್ಮ ವಿಳಾಸ ಬೇರೆಯಾಗಿ ಕಂಡು 403, ಅಂದರೆ ಪ್ರವೇಶವಿಲ್ಲ ಅನ್ನುವ ಎರರ್, ಬರುತ್ತದೆ. ಆಗ ಜನ ಒಳಗೆ ಬಿಡಬೇಕಾದ ಐಪಿ ವಿಳಾಸಗಳ ಪಟ್ಟಿಯಲ್ಲಿ ಸ್ಟಾರ್, ಅಂದರೆ ಯಾರು ಬೇಕಾದರೂ ಬರಬಹುದು ಅಂತ, ಹಾಕಿಬಿಡುತ್ತಾರೆ. ದಯವಿಟ್ಟು ಬೇಡ, ಬೇಕಾದ ಐಪಿಯನ್ನಷ್ಟೇ ಸೇರಿಸಿ. ಲೈವ್ ಸರ್ವರಿಗೆ ಏರಿಸುವಾಗ ಇಂಡೆಕ್ಸ್ ಫೈಲಿನ ಡೀಬಗ್ ಮತ್ತು ಡೆವ್ (ಕೋಡ್ ಬರೆಯುವ ಹಂತದ ಸೆಟ್ಟಿಂಗ್) ಸಾಲುಗಳನ್ನು ತೆಗೆಯಿರಿ. ಅವು ಉಳಿದು, ಸ್ಟಾರೂ ಇದ್ದರೆ, ದಾರಿಹೋಕರೂ ನಿಮ್ಮ ಸರ್ವರಿನಲ್ಲಿ ಫೈಲ್ ಬರೆಯಬಹುದು.

ಗೀಗೆ ಸ್ವಂತ ಟೆಂಪ್ಲೇಟ್ ಮಾಡುವುದನ್ನು ಲ್ಯಾಬಿನಲ್ಲೇ ನೋಡೋಣ. ಊಟ ಮುಗಿಸಿ ಬನ್ನಿ, ಬರುವಾಗ ನಿಮ್ಮ ಟೇಬಲ್‌ಗಳ ಪಟ್ಟಿ ತನ್ನಿ.