ಕಾಲುಚೀಲ, ಗೋದಲಿ ಮತ್ತು ಜೇಡನ ಬಲೆ

ಕೇಳುಗರೇ, ನಮಸ್ಕಾರ.

ಕ್ರಿಸ್‌ಮಸ್ ರಾತ್ರಿ ಮಕ್ಕಳು ಕಾಲುಚೀಲ ನೇತುಹಾಕಿ ಮಲಗುತ್ತಾರಲ್ಲ, ಆ ರೂಢಿಯ ಕತೆ ಶುರುವಾಗುವುದು ದಿವಾಳಿಯೆದ್ದ ಒಂದು ಮನೆಯಲ್ಲಿ.

4ನೇ ಶತಮಾನ. ಈಗಿನ ಟರ್ಕಿಯ ಕರಾವಳಿಯ ಮೈರಾ ಎಂಬ ಊರಿಗೆ ಬಿಷಪ್ ಆದ ನಿಕೋಲಾಸ್‌ನ ಕಾಲ. ಐತಿಹ್ಯ ಹೇಳುವಂತೆ, ಆಸ್ತಿಯೆಲ್ಲ ಕಳೆದುಕೊಂಡ ಒಬ್ಬ ತಂದೆಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಬಿಡಿಕಾಸಿಲ್ಲ. ಮಕ್ಕಳನ್ನು ಮಾರುವುದೊಂದೇ ದಾರಿ ಎಂದು ಆತ ಎದೆ ಕಲ್ಲು ಮಾಡಿಕೊಂಡಿದ್ದ. ಆಗೊಂದು ರಾತ್ರಿ ಕಿಟಕಿಯಿಂದ ಚಿನ್ನದ ಗಂಟು ಧೊಪ್ಪನೆ ಒಳಗೆ ಬಿತ್ತು. ಹಿರಿಯವಳ ಮದುವೆಯಾಯಿತು. ಇನ್ನೊಂದು ರಾತ್ರಿ ಇನ್ನೊಂದು ಗಂಟು. ಮೂರನೆಯ ಸಲ ತಂದೆ ನಿದ್ದೆಗೆಟ್ಟು ಕಾದ, ಓಡಿಹೋಗಿ ಕೊಟ್ಟವನ ಕಾಲು ಹಿಡಿದ. ತಾನು ಬದುಕಿರುವವರೆಗೆ ಇದನ್ನು ಯಾರಿಗೂ ಹೇಳಬಾರದೆಂದು ನಿಕೋಲಾಸ್ ಮಾತು ತೆಗೆದುಕೊಂಡನಂತೆ. ಹೆಸರು ಬೇಡವೆಂದ ಆ ಕೈಯೇ ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡದು.

ಮುಂದೆ ಜನರ ಬಾಯಲ್ಲಿ ಆ ಗಂಟು ಹೊಗೆಗೂಡಿನಿಂದಿಳಿದು, ಒಲೆಯ ಬಳಿ ಒಣಹಾಕಿದ್ದ ಕಾಲುಚೀಲಕ್ಕೇ ಬಿತ್ತು. ಡಚ್ಚರು ಸಿಂಟರ್‌ಕ್ಲಾಸ್ ಎಂದು ಕರೆದ ಈ ನಿಕೋಲಾಸ್ ಅಮೆರಿಕದಲ್ಲಿ ಸಾಂಟಾಕ್ಲಾಸ್ ಆದ. 1823ರ ಒಂದು ಪದ್ಯ ಅವನ ಗಾಡಿಗೆ ಎಂಟು ಹಿಮಸಾರಂಗ ಹೂಡಿತು.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಪದ್ಧತಿಗೂ ಇಂಥದೇ ಬಡತನದ ನಂಟು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಹುಲ್ಲು ಹರಡಿಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ. ಕೂಸು ಎಂಥ ಜಾಗದಲ್ಲಿ ಮಲಗಿತ್ತೆಂಬುದನ್ನು ಹಳ್ಳಿಯವರು ಕಣ್ಣಾರೆ ಕಾಣಲಿ ಎಂಬುದು ಅವನ ಹಂಬಲ. ಪಂಜಿನ ಬೆಳಕು, ಹುಲ್ಲಿನ ವಾಸನೆ, ದನದ ಬಿಸಿಯುಸಿರು. ಇನ್ನು ಕ್ರಿಸ್‌ಮಸ್ ಮರದ ಮಾತು: 1605ರ ಹೊತ್ತಿಗೆ ಈಗಿನ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಮನೆಗಳಲ್ಲಿ ಅದಕ್ಕೆ ಸೇಬು, ಕಾಗದದ ಗುಲಾಬಿ ಕಟ್ಟುತ್ತಿದ್ದರು.

ಆದರೆ ಮರದ ಕತೆಗಳಲ್ಲಿ ನನ್ನ ಮನಸ್ಸು ನಿಲ್ಲುವುದು ಉಕ್ರೇನಿನವರು ಹೇಳುವ ಕತೆಯಲ್ಲಿ. ಒಬ್ಬ ಬಡ ವಿಧವೆ. ಗುಡಿಸಲಿನೊಳಗೇ ಒಂದು ಮರ ಬೆಳೆದಿದೆ, ಸಿಂಗರಿಸಲು ಏನೂ ಇಲ್ಲ. ಮಕ್ಕಳನ್ನು ಮಲಗಿಸಿ ತಾನೂ ನೊಂದು ಮಲಗುತ್ತಾಳೆ. ರಾತ್ರಿಯಿಡೀ ಜೇಡಗಳು ಕೊಂಬೆಯಿಂದ ಕೊಂಬೆಗೆ ನೂಲು ಎಳೆಯುತ್ತವೆ. ಬೆಳಗಿನ ಬಿಸಿಲು ತಾಗಿದ್ದೇ ತಡ, ಒಂದೊಂದು ಎಳೆಯೂ ಬೆಳ್ಳಿ, ಬಂಗಾರ. ಮರಕ್ಕೆ ಸುತ್ತುವ ಮಿನುಗುವ ಜರಿ ಬಂದದ್ದೇ ಹೀಗೆ ಎನ್ನುತ್ತದೆ ಕತೆ. ಇಂದಿಗೂ ಅಲ್ಲಿ ಕಾಗದ, ತಂತಿಗಳಿಂದ ಮಾಡಿದ ಪುಟ್ಟ ಜೇಡವನ್ನು ಕ್ರಿಸ್‌ಮಸ್ ಮರದ ಕೊಂಬೆಗೆ ಕಟ್ಟುತ್ತಾರೆ.