ಮುದ್ದೆಗೂ ಲೆಕ್ಕ ಇದೆ

ನಮಸ್ಕಾರ. ಇವತ್ತು ರಾಗಿ ಮುದ್ದೆ ಬಗ್ಗೆ ಮಾತಾಡಬೇಕು. ಮೊದಲೇ ಹೇಳಿಬಿಡುತ್ತೇನೆ, ನಾನು ನಾಗಮಂಗಲದ ಕಡೆಯವಳು, ಮುದ್ದೆ ತಿಂದೇ ಬೆಳೆದವಳು. ಬಿಸಿ ಮುದ್ದೆ, ಬಸ್ಸಾರು ಇದ್ದರೆ ನನಗೆ ಬೇರೇನೂ ಬೇಡ. ಹಾಗಾಗಿ ಇದನ್ನು ರಾಗಿ ಮೇಲಿನ ದೂರು ಅಂತ ಅಂದುಕೊಳ್ಳಬೇಡಿ.

ನಮ್ಮ ದೊಡ್ಡಪ್ಪನಿಗೆ ಹನ್ನೆರಡು ವರ್ಷದಿಂದ ಶುಗರ್. ಎರಡು ವರ್ಷದ ಹಿಂದೆ ಯಾರೋ ಅವರ ಫೋನಿಗೆ ಒಂದು ವಿಡಿಯೋ ಕಳಿಸಿದರು. ಅನ್ನ ವಿಷ, ಅದನ್ನು ಬಿಟ್ಟು ಮೂರು ಹೊತ್ತೂ ರಾಗಿ ತಿನ್ನಿ, ಮಾತ್ರೆಯೇ ಬೇಡ ಅಂತ ಅದರಲ್ಲಿತ್ತು. ದೊಡ್ಡಪ್ಪ ನಂಬಿದರು. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಇನ್ನೊಂದು. ಸ್ವಲ್ಪ ದಿನಕ್ಕೆ ಮನೆಯಲ್ಲಿ ಯಾರಿಗೂ ಹೇಳದೆ ಮಾತ್ರೆ ನುಂಗುವುದನ್ನೂ ನಿಲ್ಲಿಸಿದರು. "ಮುದ್ದೆಗ್ಯಾಕವ್ವ ಲೆಕ್ಕ, ಅದು ಮೈಗೆ ಒಳ್ಳೇದು" ಅನ್ನುತ್ತಿದ್ದರು.

ಒಂದಿನ ಬದುವಿನ ಮೇಲೆ ನಡೆಯುವಾಗ ಕಾಲಿಗೆ ಮುಳ್ಳು ಚುಚ್ಚಿತು. ಸಣ್ಣ ಗಾಯ. ತಿಂಗಳಾದರೂ ಮಾಯಲಿಲ್ಲ. ಕೊನೆಗೆ ಒಂದು ಬೆರಳನ್ನೇ ತೆಗೆಯಬೇಕಾಯಿತು. ಆಸ್ಪತ್ರೆ ಮಂಚದ ಮೇಲೆ ಕೂತು ಅವರು ನನ್ನನ್ನು ಕೇಳಿದ್ದು ಇಷ್ಟೇ: "ನಾನು ಅನ್ನ ಮುಟ್ಟೇ ಇಲ್ವಲ್ಲವ್ವ, ಹೆಂಗಾಯ್ತು ಇದು?"

ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ತಿಂದ ಮೇಲೆ ರಕ್ತದಲ್ಲಿ ಸಕ್ಕರೆಯಾಗುವ ಪಿಷ್ಟ. ರಾಗಿಯಲ್ಲಿ ಸುಮಾರು 67. ಅಷ್ಟೇ ವ್ಯತ್ಯಾಸ! ರಾಗಿ ನಿಜವಾಗಿ ಗೆಲ್ಲುವುದು ಬೇರೆ ಕಡೆ. ಅದರಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ 3 ಕೂಡ ಇಲ್ಲ. ಕ್ಯಾಲ್ಸಿಯಂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ 10 ಕೂಡ ಇಲ್ಲ. ಮೂಳೆಗೆ, ಹೊಟ್ಟೆಗೆ ಇದಕ್ಕಿಂತ ಒಳ್ಳೆಯದು ಬೇಕಾ? ಆದರೆ ನಮ್ಮ ದೊಡ್ಡಮ್ಮ ಕಟ್ಟುವ ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟಾದರೂ ಬೇಕು. ದಿನಕ್ಕೆ ಮೂರು ಮುದ್ದೆ ಅಂದರೆ ಕಾರ್ಬೋಹೈಡ್ರೇಟೇ 200 ಗ್ರಾಂ. ಅಂಬಲಿ ಬೇರೆ. ಅದೂ ಮಾತ್ರೆ ಇಲ್ಲದೆ.

ಮಾತ್ರೆ ಬಿಡಿ ಅಂತ ಕ್ಯಾಮೆರಾ ಮುಂದೆ ಕೂತು ಹೇಳುವವರ ಮೇಲೆ ನನಗೆ ತುಂಬಾ ಕೋಪ ಇದೆ. ನೋಡುವವನ ರಕ್ತ ಪರೀಕ್ಷೆ ಅವರು ನೋಡಿಲ್ಲ, ಅವನ ಕಾಲಿನ ಗಾಯವನ್ನೂ ನೋಡುವುದಿಲ್ಲ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಹೇಳಿದ್ದು, ದೇಶದಲ್ಲಿ ಹತ್ತು ಕೋಟಿಗೂ ಜಾಸ್ತಿ ಜನರಿಗೆ ಶುಗರ್ ಇದೆ ಅಂತ. ಮಾತ್ರೆ ಬಿಡಿ ಅನ್ನುವ ಮಾತು ಎಷ್ಟು ಮನೆ ತಲುಪುತ್ತದೆ ಯೋಚಿಸಿ.

ದೊಡ್ಡಪ್ಪನ ಮೇಲೆ ಮಾತ್ರ ನನಗೆ ಕೋಪ ಬರುವುದಿಲ್ಲ. ಅವರು ಯಾಕೆ ಅಷ್ಟು ಬೇಗ ನಂಬಿದರು ಅನ್ನೋದು ನನಗೆ ಗೊತ್ತು. ಅವರ ಚಿಕ್ಕಂದಿನಲ್ಲಿ ಅನ್ನ ಅಂದರೆ ಹಬ್ಬದ ಊಟ. ಮುದ್ದೆ ಬಡವರದ್ದು. ಪೇಟೆ ಕಡೆಯ ನೆಂಟರು ಬಂದರೆ ಸಾಲ ಮಾಡಿಯಾದರೂ ಅಕ್ಕಿ ತರುತ್ತಿದ್ದರು. ನಾನೂ ಹಾಸ್ಟೆಲಿನಲ್ಲಿ ಓದುವಾಗ, ಮನೆಯಲ್ಲಿ ಏನು ಊಟ ಅಂತ ಗೆಳತಿಯರು ಕೇಳಿದರೆ ಚಪಾತಿ ಅಂದಿದ್ದೇನೆ. ಹಾಗೆ ಕೀಳಾಗಿ ಕಂಡ ರಾಗಿಗೆ ಈಗ ಮರ್ಯಾದೆ ಬಂದಿದೆ. 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆಯೇ ಸಾರಿತು. ಕೊನೆಗೂ ನಮ್ಮದು ಗೆದ್ದಿತು ಅನ್ನುವ ಖುಷಿ ಅದು. ಆ ಹೊತ್ತಿನಲ್ಲಿ ಮುದ್ದೆ ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದರೆ, ಅವ್ವನನ್ನೇ ಬೈದ ಹಾಗೆ ಕೇಳಿಸುತ್ತದೆ.

ವಾದಕ್ಕೆ ನಿಂತರೆ ದೊಡ್ಡಪ್ಪ ಕನಕದಾಸರ ಕತೆ ಹೇಳುತ್ತಾರೆ. ಅಕ್ಕಿ, ರಾಗಿ ಜಗಳಕ್ಕೆ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಅಕ್ಕಿ ಹಾಳಾಯಿತು, ರಾಗಿ ಗಟ್ಟಿಯಾಗಿ ಹೊರಬಂತು. ನನಗೂ ಇಷ್ಟದ ಕತೆ. ಆದರೆ ಅಲ್ಲಿ ರಾಗಿ ಗೆದ್ದಿದ್ದು ಕೆಡದೆ ಉಳಿಯುವ ಗುಣಕ್ಕೆ. ನೆಲದೊಳಗಿನ ಕಣಜದಲ್ಲಿ, ಹಗೇವಿನಲ್ಲಿ, ವರ್ಷಗಟ್ಟಲೆ ಇಟ್ಟರೂ ಬರಗಾಲಕ್ಕೆ ಆಗುತ್ತಿತ್ತಲ್ಲ, ಅದಕ್ಕೆ.

"ಹಿಟ್ಟಂ ತಿಂದಂ ಬೆಟ್ಟವಂ ಕಿತ್ತಿಟ್ಟಂ" ಅನ್ನುತ್ತೇವೆ. ನಮ್ಮ ತಾತ ಹೊತ್ತಾರೆ ಎದ್ದು, ಎತ್ತು ಕಟ್ಟಿ ಬಾವಿ ನೀರೆತ್ತುವ ಕಪಿಲೆ ಹೊಡೆದು, ಉತ್ತು, ಬಿಸಿಲು ನೆತ್ತಿಗೆ ಬಂದ ಮೇಲೆ ಮುದ್ದೆಗೆ ಕೂರುತ್ತಿದ್ದರು. ಆ ಹಿಟ್ಟು ಕೆಲಸದಲ್ಲೇ ಕರಗುತ್ತಿತ್ತು. ಈಗ ದೊಡ್ಡಪ್ಪ ತೋಟಕ್ಕೂ ಬೈಕಿನಲ್ಲೇ ಹೋಗುತ್ತಾರೆ. ಮೋಟಾರು ಹಾಕುವುದು ಒಂದು ಗುಂಡಿ ಒತ್ತಿ. ತಾತನ ಅಳತೆಯ ಮುದ್ದೆ ಇವರಿಗೆ ಯಾಕೆ?

ಹೋದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಮ್ಮ ಈಗ ಹಿಟ್ಟನ್ನು ಲೋಟದಲ್ಲಿ ಅಳೆದು ಹಾಕುತ್ತಾರೆ. ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪದ ಮುದ್ದೆ ಒಂದು. ಪಕ್ಕದಲ್ಲಿ ಬಸಿದ ಸೊಪ್ಪು, ಅವರೆಕಾಳು ಮುದ್ದೆಗಿಂತ ಜಾಸ್ತಿ. ದೊಡ್ಡಪ್ಪ ತಟ್ಟೆ ನೋಡಿದರು, ಏನೂ ಮಾತಾಡಲಿಲ್ಲ. ಎದ್ದು ಅಡುಗೆಮನೆಗೆ ಹೋದರು. ಮುದ್ದೆಕೋಲು ನೇತುಹಾಕುವ ಮೊಳೆಗೆ ಈಗ ಮಾತ್ರೆ ಚೀಲವನ್ನೂ ಕಟ್ಟಿದ್ದಾರೆ. ಒಂದು ಮಾತ್ರೆ ನುಂಗಿ, ನೀರು ಕುಡಿದು, ಬಂದು ಊಟಕ್ಕೆ ಕೂತರು.